ಬಣ್ಣ ತಿದ್ದುವವನ ಧರ್ಮ

'ವರ್ಣ'ವೇ ಕನ್ನಡದಲ್ಲಿ 'ಬಣ್ಣ'ವಾಯಿತು. 'ವರ್ಣಿಸು' ಎಂಬುದು 'ಬಣ್ಣಿಸು' ಆಯಿತು. ಕವಿ ಬಣ್ಣಿಸಿದರೆ ತಲೆದೂಗುತ್ತೇವೆ. ಸಾಕ್ಷಿ ಹೇಳುವವನು ಬಣ್ಣ ಕಟ್ಟಿದರೆ ಬಯ್ಯುತ್ತೇವೆ. ಒಂದೆಡೆ ಗುಣವಾದದ್ದು ಇನ್ನೊಂದೆಡೆ ದೋಷವಾಗುತ್ತದೆ. ಇವೆರಡರ ನಡುವಣ ಗೆರೆ ಎಲ್ಲಿದೆ? ಪ್ರಶ್ನೆ ಹಳೆಯದು. ಕಂಪ್ಯೂಟರಿನಲ್ಲಿ ಚಲಚ್ಚಿತ್ರಗಳ ಬಣ್ಣ ತಿದ್ದುವ ವಿದ್ಯೆಯನ್ನು ಕಲಿಯುತ್ತಿರುವ, ಕೃಷ್ಣರಾಜಪೇಟೆ ಕಡೆಯ ನನ್ನ ಶಿಷ್ಯನೊಬ್ಬ ಅದನ್ನು ಹೊಸದಾಗಿ ನನ್ನ ಮುಂದಿಟ್ಟಿದ್ದಾನೆ.

ಆ ವಿದ್ಯೆಯಲ್ಲಿ ಎರಡು ಮೆಟ್ಟಿಲುಗಳುಂಟು. ಮೊದಲನೆಯದು ತಿದ್ದುವುದು. ಬಿಳಿಯ ಪಂಚೆ ದೀಪದ ಬೆಳಕಿನಲ್ಲಿ ಹಳದಿಯಾಗಿ, ಮರದ ನೆರಳಿನಲ್ಲಿ ನೀಲಿಯಾಗಿ ಚಿತ್ರದಲ್ಲಿ ಮೂಡಬಹುದು. ನಮ್ಮ ಕಣ್ಣು ತಾನೇ ಸರಿಪಡಿಸಿಕೊಂಡು ಅದನ್ನು ಬಿಳಿಯೆಂದೇ ಕಾಣುತ್ತದೆ. ಕ್ಯಾಮರಾಕ್ಕೆ ಆ ವಿವೇಕವಿಲ್ಲ. ಆದ್ದರಿಂದ ಬಿಳಿಯನ್ನು ಬಿಳಿಯಾಗಿಸಬೇಕು; ಬೆಳಗ್ಗೆ ತೆಗೆದುದನ್ನೂ ಮಧ್ಯಾಹ್ನ ತೆಗೆದುದನ್ನೂ ಒಂದಕ್ಕೊಂದು ಹೊಂದಿಸಬೇಕು. ಎರಡನೆಯದು ಭಾವಕ್ಕೆ ತಕ್ಕ ಬಣ್ಣ ಕೊಡುವುದು: ದುಃಖಕ್ಕೆ ತಣ್ಣನೆಯ ನೀಲಿ, ನೆನಪಿಗೆ ಸಂಜೆಯ ಹೊಂಬಣ್ಣ. ಇದಕ್ಕೆ ಗ್ರೇಡಿಂಗ್ ಎಂದು ಹೆಸರು.

ಶಿಷ್ಯನ ಸಂದೇಹ ಈ ಎರಡನೆಯದನ್ನು ಕುರಿತದ್ದು. ನಾಗಮಂಗಲದ ಮಳೆಯಾಶ್ರಿತ ಹೊಲದಲ್ಲಿ ಬಾಡಿದ ರಾಗಿಯನ್ನೂ ಪಾಂಡವಪುರದಲ್ಲಿ ನಾಲೆಯ ನೀರುಂಡ ಕಬ್ಬನ್ನೂ ಅವನು ಒಂದು ಸಾಕ್ಷ್ಯಚಿತ್ರಕ್ಕಾಗಿ ತೆಗೆದಿದ್ದ. ರಾಗಿಯನ್ನು ಇನ್ನಷ್ಟು ಹಳದಿಗೆ ತಿರುಗಿಸಿದರೆ ನೋಡುವವರ ಮನಸ್ಸು ಕರಗುತ್ತದೆ. "ಬರ ಇರುವುದು ನಿಜ ತಾನೆ ಸಾರ್? ಕೊಂಚ ಹೆಚ್ಚಾಗಿ ಕಾಣಿಸಿದರೆ ಸುಳ್ಳಾದೀತೆ?" ಎಂದು ಕೇಳಿದ. ಸುಳ್ಳೇ ಆಗುತ್ತದೆ ಎಂದೆ. ಕಥಾಚಿತ್ರ ನೋಡುವವನಿಗೆ ಅದು ಕಟ್ಟಿದ ಲೋಕವೆಂದು ಗೊತ್ತು; ಸಾಕ್ಷ್ಯಚಿತ್ರಕ್ಕೆ ಬಂದವನು ಕಂಡದ್ದನ್ನು ನಂಬಲೆಂದೇ ಬಂದಿರುತ್ತಾನೆ. ಬಳಿದ ಹಳದಿ ಒಂದು ದಿನ ಬಯಲಾದರೆ ನಿಜವಾದ ಬರವನ್ನೂ ಯಾರೂ ನಂಬರು. ಆಗ ನಷ್ಟ ಚಿತ್ರ ತೆಗೆದವನಿಗಲ್ಲ, ಹೊಲದ ಒಡೆಯನಿಗೆ.

ಹಾಗೆಂದು ಬಣ್ಣವನ್ನು ಮುಟ್ಟಲೇಬಾರದೆ? ಶ್ರೀರಂಗಪಟ್ಟಣದ ದರಿಯಾ ದೌಲತ್ತಿಗೆ ಹೋಗಿ ನೋಡಿ. ಟಿಪ್ಪು 1784ರಲ್ಲಿ ಕಟ್ಟಿಸಿದ ಆ ಅರಮನೆಯ ಪಡುವಣ ಗೋಡೆಯ ಮೇಲೆ, 1780ರಲ್ಲಿ ಪೊಲ್ಲಿಲೂರಿನಲ್ಲಿ ಇಂಗ್ಲಿಷರು ಸೋತ ಯುದ್ಧದ ಚಿತ್ರವಿದೆ. 1799ರ ತರುವಾಯ ಅಲ್ಲಿ ವಾಸವಾಗಿದ್ದ ವೆಲ್ಲೆಸ್ಲಿ ಅದನ್ನು ದುರಸ್ತಿ ಮಾಡಿಸಿದ; ಮುಂದೆ ಡಾಲ್‌ಹೌಸಿಯ ಕಾಲದಲ್ಲಿ ಅದಕ್ಕೆ ಮತ್ತೆ ಬಣ್ಣ ಬಿತ್ತು. ತಮ್ಮವರ ಸೋಲನ್ನು ಸಾರುವ ಚಿತ್ರವನ್ನು ಅವರೇ ಉಳಿಸಿದ್ದು ಸಣ್ಣ ಮಾತಲ್ಲ. ಮುಟ್ಟದಿದ್ದರೆ ಅದು ಮಾಸಿಹೋಗುತ್ತಿತ್ತೇನೋ. ಆದರೆ ಇಂದು ಯಾವ ಕೆಂಪು ಟಿಪ್ಪುವಿನ ಕಾಲದ್ದು, ಯಾವುದು ಆಮೇಲಿನದು ಎಂಬುದು ನಮ್ಮ ಬರಿಗಣ್ಣಿಗೆ ತಿಳಿಯುವುದಿಲ್ಲ.

ಶಿಷ್ಯನ ವಿದ್ಯೆ ಇಲ್ಲಿ ಗೋಡೆಗಿಂತ ಮೇಲು. ಅದರಲ್ಲಿ ಒಂದೊಂದು ತಿದ್ದುಪಡಿಯೂ ಒಂದೊಂದು ನೋಡ್, ಎಂದರೆ ದಾರಕ್ಕೆ ಹಾಕಿದ ಗಂಟಿನಂತೆ. ಮೂಲಚಿತ್ರ ದಾರದ ಮೊದಲ ತುದಿಯಲ್ಲಿ ಹಾಗೆಯೇ ಇರುತ್ತದೆ. ಬೇಕಾದ ಗಂಟನ್ನು ಬಿಚ್ಚಿ ನೋಡಬಹುದು. ಓಲೆಗರಿಯ ಕಾವ್ಯವನ್ನು ಸಂಪಾದಿಸುವ ವಿದ್ವಾಂಸನೂ ಹೀಗೆಯೇ ಮಾಡುತ್ತಾನೆ: ತನಗೆ ಸರಿ ತೋರಿದ ಪಾಠವನ್ನು ಮೇಲೆ ಅಚ್ಚು ಹಾಕಿಸಿ, ಪಾಠಾಂತರಗಳನ್ನು ಪುಟದ ಕೆಳಗೆ ಕೊಡುತ್ತಾನೆ. ಓದುಗ ಬೇಕಾದರೆ ಹಿಂದಕ್ಕೆ ನಡೆದು ಪರೀಕ್ಷಿಸಬಹುದು.

ಚಿತ್ರ ನೋಡುವವನಿಗೆ ಮಾತ್ರ ಈ ಗಂಟುಗಳು ಕಾಣವು. ಆದ್ದರಿಂದ ತಿದ್ದುವವನೇ ತನ್ನನ್ನು ಕೇಳಿಕೊಳ್ಳಬೇಕು: ನಾಗಮಂಗಲದ ಆ ರೈತನನ್ನು ಪಕ್ಕದಲ್ಲಿ ಕೂರಿಸಿಕೊಂಡು ಇವನ್ನೆಲ್ಲ ಬಿಚ್ಚಿ ತೋರಿಸಬಲ್ಲೆನೆ? ತೋರಿಸಬಲ್ಲೆನಾದರೆ ಅದು ತಿದ್ದುಪಡಿ. ಕೈ ಹಿಂಜರಿದರೆ ಅದು ಬಣ್ಣ ಕಟ್ಟಿದ ಮಾತು.