ಒತ್ತೆಯಿಟ್ಟ ಹೊದಿಕೆ

ಪರವೂರಿನಲ್ಲಿ ಕಷ್ಟಪಟ್ಟವನಿಗೆ ಇನ್ನೊಬ್ಬ ಪರವೂರಿನವನ ಕಷ್ಟ ತಾನಾಗಿಯೇ ಅರ್ಥವಾಗುತ್ತದೆ ಅಂತ ನಾವೆಲ್ಲ ನಂಬಿದ್ದೇವೆ. ಮುಂಬಯಿಯಲ್ಲಿ ಮೂವತ್ತೈದು ವರ್ಷ ಕಳೆದ ನನ್ನಲ್ಲಿ ಈ ನಂಬಿಕೆ ಅಷ್ಟು ಗಟ್ಟಿಯಾಗಿ ಉಳಿದಿಲ್ಲ. ಇಲ್ಲಿನ ಲೋಕಲ್ ರೈಲನ್ನೇ ನೋಡಿ. ಪ್ಲಾಟ್‌ಫಾರ್ಮಿನಲ್ಲಿ ನಿಂತು ‘ಸ್ವಲ್ಪ ಒಳಗೆ ಸರಿಯಿರಪ್ಪಾ’ ಅಂತ ಗೋಗರೆದವನೇ, ಒಳಗೆ ಕಾಲಿಟ್ಟ ಮೇಲೆ ಮುಂದಿನ ಸ್ಟೇಷನ್ನಿನಲ್ಲಿ ‘ಜಾಗ ಇಲ್ಲ’ ಅಂತ ಬಾಗಿಲಿಗೆ ಅಡ್ಡ ನಿಲ್ಲುತ್ತಾನೆ. ಎರಡು ಸ್ಟೇಷನ್ನುಗಳ ನಡುವೆ ಅವನ ನೆನಪು ಎಲ್ಲಿಗೆ ಹೋಯಿತು?

ಈ ಪ್ರಶ್ನೆಯನ್ನು ನನ್ನ ತಲೆಗೆ ಹಚ್ಚಿದ್ದು ಭಾನುವಾರದ ಪೂಜೆಯ ವಾಚನಗಳು. ಕಥೋಲಿಕರಲ್ಲದ ಓದುಗರಿಗೆ ಒಂದು ಮಾತು ಹೇಳಬೇಕು. ಭಾನುವಾರದ ಪೂಜೆಯಲ್ಲಿ ಬೈಬಲ್ಲಿನ ಯಾವ ಭಾಗ ಓದಬೇಕು ಅನ್ನೋದನ್ನು ಫಾದರ್ ತಮಗೆ ತೋಚಿದಂತೆ ಆರಿಸುವುದಿಲ್ಲ. ಜನರ ಕಿವಿಗೆ ಬೈಬಲ್ಲಿನ ಹೆಚ್ಚು ಭಾಗ ಬೀಳಬೇಕೆಂದು ಎರಡನೆಯ ವ್ಯಾಟಿಕನ್ ಮಹಾಸಭೆ 1963ರಲ್ಲಿ ಹೇಳಿತು. ಅದರಂತೆ 1969ರಲ್ಲಿ ಮೂರು ವರ್ಷದ ಸುತ್ತು ಜಾರಿಗೆ ಬಂತು. ಒಂದು ವರ್ಷ ಮತ್ತಾಯ, ಮರುವರ್ಷ ಮಾರ್ಕ, ಆಮೇಲೆ ಲೂಕ. ಯೊವಾನ್ನರ ಶುಭಸಂದೇಶ ಹೆಚ್ಚಾಗಿ ಬರುವುದು ತಪಸ್ಸುಕಾಲದಲ್ಲಿ ಮತ್ತು ಪಾಸ್ಕ ಕಾಲದಲ್ಲಿ. ಹಾಸನದ ಕಡೆಯ ನಮ್ಮೂರಲ್ಲಿ ಕನ್ನಡದಲ್ಲಿ, ಮಂಗಳೂರಲ್ಲಿ ಕೊಂಕಣಿಯಲ್ಲಿ, ಇಲ್ಲಿ ನಮ್ಮ ಚರ್ಚಿನಲ್ಲಿ ಇಂಗ್ಲಿಷಿನಲ್ಲಿ ಓದುವುದು ಅದೇ ಭಾಗವನ್ನೇ. ಊರಿಗೆ ಫೋನ್ ಮಾಡಿದಾಗ ತಂಗಿ ‘ಇವತ್ತು ಪ್ರಸಂಗ ಹೆಂಗಿತ್ತಣ್ಣಾ?’ ಅಂತ ಕೇಳಿದರೆ, ನಾವಿಬ್ಬರೂ ಒಂದೇ ಪಾಠದ ಬಗ್ಗೆ ಮಾತಾಡುತ್ತೇವೆ. ಊರು ಬಿಟ್ಟವನಿಗೆ ಇದು ಸಣ್ಣ ಸಮಾಧಾನವಲ್ಲ.

ಆದರೆ ನಾವು ಆರಿಸದ ಪಾಠ ಸಮಾಧಾನವನ್ನಷ್ಟೇ ತರುವುದಿಲ್ಲ. ಮತ್ತಾಯರ ವರ್ಷದಲ್ಲಿ, ಸಾಧಾರಣ ಕಾಲದ 30ನೇ ಭಾನುವಾರ, ವಿಮೋಚನಾಕಾಂಡದ 22ನೇ ಅಧ್ಯಾಯದಿಂದ ಮೊದಲ ವಾಚನ. ಪರದೇಶಿಯನ್ನು ಪೀಡಿಸಬೇಡಿ, ಈಜಿಪ್ಟಿನಲ್ಲಿ ನೀವೂ ಪರದೇಶಿಗಳಾಗಿದ್ದಿರಿ ಅನ್ನುವುದು ಅದರ ತಾತ್ಪರ್ಯ. ಈ ವಾಚನ 2020ರಲ್ಲಿ ಬಂದದ್ದು ಅಕ್ಟೋಬರ್ 25ರಂದು. ಮಹಾರಾಷ್ಟ್ರದಲ್ಲಿ ದೇವಸ್ಥಾನ, ಮಸೀದಿ, ಚರ್ಚು ಎಲ್ಲವೂ ಆಗಿನ್ನೂ ಮುಚ್ಚಿದ್ದವು. ತೆರೆದದ್ದು ನವೆಂಬರ್ 16ಕ್ಕೆ. ಲಾಕ್‌ಡೌನಿನಲ್ಲಿ ಗಂಟುಮೂಟೆ ಹೊತ್ತು ಊರಿಗೆ ನಡೆದವರ ಚಿತ್ರ ಇನ್ನೂ ಕಣ್ಣೆದುರಿದ್ದಾಗ, ಮೊಬೈಲಿನ ಪೂಜೆಯಲ್ಲಿ ಆ ಮಾತು ಕೇಳಿದೆ.

ಆ ಹೊತ್ತಿಗೆ ನಮ್ಮ ಸೊಸೈಟಿಯಲ್ಲೂ ಒಂದು ತಗಾದೆ ಎದ್ದಿತ್ತು. ಮೆಟ್ಟಿಲ ಕೆಳಗೆ ಮೇಜಿಟ್ಟುಕೊಂಡು ಇಸ್ತ್ರಿ ಮಾಡುತ್ತಿದ್ದ ಉತ್ತರಪ್ರದೇಶದ ಹುಡುಗ ಊರಿಗೆ ಹೋದವನು ತಿರುಗಿ ಬಂದಿದ್ದ. ‘ಇನ್ನು ಹೊರಗಿನವರು ಬೇಡ’ ಅಂದರು ಕಮಿಟಿಯಲ್ಲಿ ಕೆಲವರು. ಹಾಗಂದವರಲ್ಲಿ ಗುಜರಾತಿಗಳಿದ್ದರು, ಮಲಯಾಳಿಗಳಿದ್ದರು, ನಮ್ಮವರೂ ಇದ್ದರು. 1960ರ ದಶಕದ ಕೊನೆಗೆ ಈ ಊರಲ್ಲಿ ದಕ್ಷಿಣದವರ ವಿರುದ್ಧ ಎದ್ದ ಗಲಾಟೆಯನ್ನು ಕಣ್ಣಾರೆ ಕಂಡ ಹಿರಿಯರೊಬ್ಬರೂ ಇದ್ದರು. ‘ನಾವೂ ಹೀಗೇ ಬಂದವರಲ್ಲವೇ’ ಅಂತ ನಾನು ಹೇಳಿದೆ. ಅವರೆಂದರು: ‘ನಾವು ಕಷ್ಟಪಟ್ಟು ಬೇರು ಬಿಟ್ಟೆವು. ಅವನೂ ಪಡಲಿ.’ ನೆನಪು ಅವರಲ್ಲಿ ಹಸಿಯಾಗಿಯೇ ಇತ್ತು, ಕನಿಕರ ಮಾತ್ರ ಹುಟ್ಟಿರಲಿಲ್ಲ. ಕೊನೆಗೆ ಕೆಲಸಕ್ಕೆ ಬಂದದ್ದು ಬೇರೆ ಮಾತು. ಅವನಿಂದ ಪಡೆದ ಮೂರು ಸಾವಿರ ಡಿಪಾಸಿಟ್ಟು ಸೊಸೈಟಿಯ ಬಳಿಯೇ ಇತ್ತು. ‘ಹಣ ಇಟ್ಟುಕೊಂಡು ಜಾಗ ಇಲ್ಲ ಅನ್ನೋದು ಯಾವ ನ್ಯಾಯ?’ ಅಂತ ಒಬ್ಬರು ಕೇಳಿದರು. ಸಭೆ ಸುಮ್ಮನಾಯಿತು. ಮೇಜು ಮತ್ತೆ ಬಂತು.

ಆ ವಾಚನದ ಉಳಿದ ಭಾಗ ನನಗೆ ಅರ್ಥವಾದದ್ದು ಆಗಲೇ. ನೀವೂ ಪರದೇಶಿಗಳಾಗಿದ್ದಿರಿ ಅಂತ ನೆನಪಿಸಿ ಅದು ಅಲ್ಲಿಗೇ ನಿಲ್ಲುವುದಿಲ್ಲ. ಬಡವನ ಹೊದಿಕೆಯನ್ನು ಒತ್ತೆ ಇಟ್ಟುಕೊಂಡರೆ ಹೊತ್ತು ಮುಳುಗುವ ಮುಂಚೆ ಹಿಂದಿರುಗಿಸು, ಹೊದೆಯಲು ಅವನಿಗಿರುವುದು ಅದೊಂದೇ ಎನ್ನುತ್ತದೆ. ನಿನಗೆ ಅಯ್ಯೋ ಅನ್ನಿಸಿತೇ ಅಂತ ಕೇಳುವುದಿಲ್ಲ, ಗಡುವು ಹಾಕುತ್ತದೆ. ಮನಸ್ಸು ಕರಗುವವರೆಗೆ ಕಾದರೆ ರಾತ್ರಿ ಚಳಿಯಲ್ಲಿ ನಡುಗುವವನು ಅವನು. ನೆನಪಿನಿಂದ ಕರುಣೆ ಹುಟ್ಟಬಹುದು, ಹಗೆಯೂ ಹುಟ್ಟಬಹುದು. ಅದಕ್ಕೇ ನೆನಪಿನ ಜೊತೆಗೆ ಒಂದು ಕಟ್ಟಳೆ ಬೇಕು. ಅದೇ ದಿನದ ಶುಭಸಂದೇಶದಲ್ಲಿ ಯೇಸುಸ್ವಾಮಿ ನೆರೆಯವನನ್ನು ಪ್ರೀತಿಸು ಅನ್ನುತ್ತಾರೆ. ಆ ನೆರೆಯವನು ಯಾರು ಅಂತ ಮೊದಲ ವಾಚನ ಆಗಲೇ ಹೇಳಿ ಮುಗಿಸಿರುತ್ತದೆ.

ಹಾಗಾದರೆ ಬಂದವನಿಗೆ ಯಾವ ಹೊಣೆಯೂ ಇಲ್ಲವೇ? ಇದೆ. ಇದ್ದ ಊರಿನ ಭಾಷೆ ಕಲಿಯಬೇಕು. ನಾನು ಮರಾಠಿ ಕಲಿತೆ. ಅದು ಉಪಕಾರವಲ್ಲ, ಉಂಡ ಮನೆಯ ಋಣ. ಬೆಂಗಳೂರಿಗೆ ಬಂದವರು ಕನ್ನಡ ಕಲಿಯಲಿ ಅಂತ ನೀವು ಬಯಸುವುದರಲ್ಲೂ ತಪ್ಪಿಲ್ಲ. ಆದರೆ ಭಾಷೆ ಬಂದ ಮೇಲೆಯೇ ಹೊದಿಕೆ ಕೊಡುತ್ತೇನೆ ಅನ್ನುವ ಷರತ್ತು ಆ ಕಟ್ಟಳೆಯಲ್ಲಿಲ್ಲ. ಕೂಲಿ, ಸೂರು, ಕಾಯಿಲೆಗೆ ಮದ್ದು ಇವು ಹೊತ್ತು ಮುಳುಗುವ ಮುಂಚೆ ಸಲ್ಲಬೇಕಾದವು. ಭಾಷೆ ಕಲಿಯಲು ವರ್ಷಗಳು ಬೇಕು.

ಊರಲ್ಲಿರುವ ನಿಮಗೆ ಇದನ್ನು ಬರೆಯಲು ಕಾರಣವಿದೆ. ಬೆಂಗಳೂರಿನ ಕಟ್ಟಡಗಳಲ್ಲಿ ಬಿಹಾರ, ಒಡಿಶಾದವರು, ಮಲೆನಾಡಿನ ಕಾಫಿ ತೋಟಗಳಲ್ಲಿ ಅಸ್ಸಾಮಿನವರು ದುಡಿಯುತ್ತಿದ್ದಾರೆ. ಮುಂಬಯಿಯಲ್ಲಿರುವ ನಿಮ್ಮ ಅಣ್ಣ, ಮಗ, ಅಳಿಯನಿಗೆ ಇಲ್ಲಿನವರು ಏನು ಸಲ್ಲಿಸಬೇಕು ಅಂತ ನೀವು ಬಯಸುತ್ತೀರೋ, ಅದೇ ಅವರಿಗೂ ಸಲ್ಲಬೇಕಾದದ್ದು. ಮೂರು ವರ್ಷಕ್ಕೊಮ್ಮೆ ಆ ಪಾಠ ತಪ್ಪದೆ ಬರುತ್ತದೆ. ಚರ್ಚಿಗೆ ಹೋಗದವರ ಊರಲ್ಲೂ ಹೊತ್ತು ಮಾತ್ರ ದಿನಾ ಮುಳುಗುತ್ತದೆ.