ಅಪಾಯದ ತಕ್ಕಡಿ ಯಾರ ಕೈಯಲ್ಲಿ?

ನಿಮ್ಮ ಅಡುಗೆ ಮನೆಯಲ್ಲಿ ಉರಿಯುವ ಅನಿಲ, ಬಾಣಲೆಯಲ್ಲಿ ಕಾಯುವ ತಾಳೆ ಎಣ್ಣೆ, ಉಪವಾಸ ತೊರೆಯುವಾಗ ಬಾಯಿಗಿಡುವ ಖರ್ಜೂರ- ಇವು ನಿಮ್ಮ ಮನೆಯವರೆಗೆ ಹೇಗೆ ಬಂದವೆಂದು ಎಂದಾದರೂ ಯೋಚಿಸಿದ್ದೀರಾ? ದೇಶದೇಶಗಳ ನಡುವೆ ಸಾಗುವ ಸರಕಿನಲ್ಲಿ ಶೇಕಡಾ 80ಕ್ಕೂ ಹೆಚ್ಚು ಪಾಲು ಸಮುದ್ರದ ಮೂಲಕವೇ ಸಾಗುತ್ತದೆ. ನೀರಿನ ಮೇಲೆ ಬೆಟ್ಟದಂತೆ ತೇಲುವ ಹಡಗುಗಳನ್ನು ಪವಿತ್ರ ಕುರ್‌ಆನ್ ಅಲ್ಲಾಹನ ದೃಷ್ಟಾಂತಗಳ ಸಾಲಿನಲ್ಲಿ ಮತ್ತೆ ಮತ್ತೆ ನೆನಪಿಸುತ್ತದೆ. ಅದು ಒಂದು ಅನುಗ್ರಹವೆಂಬುದರಲ್ಲಿ ಸಂಶಯವಿಲ್ಲ.

ಆದರೆ ಪ್ರತಿಯೊಂದು ಅನುಗ್ರಹದ ಬೆನ್ನಿಗೂ ಒಂದು ಹೊಣೆಗಾರಿಕೆ ಇದೆ. ಹಡಗು ಮುಳುಗಬಹುದು, ಉರಿಯಬಹುದು, ಬಂಡೆಗೆ ಬಡಿದು ಒಡೆಯಬಹುದು. ಅದರ ಹೊಟ್ಟೆಯಲ್ಲಿರುವ ಎಣ್ಣೆ, ಆಮ್ಲ, ಪ್ಲಾಸ್ಟಿಕ್ ಸಮುದ್ರದ ಪಾಲಾಗಬಹುದು. ಅಪಾಯ ಕಿಂಚಿತ್ತೂ ಬೇಡವೆಂದರೆ ಹಡಗುಗಳನ್ನೆಲ್ಲ ದಡಕ್ಕೆ ಕಟ್ಟಿ ಹಾಕಬೇಕಾಗುತ್ತದೆ. ಅದು ಆಗುವ ಮಾತಲ್ಲ. ಹಾಗಾದರೆ ಎಷ್ಟು ಅಪಾಯವನ್ನು ಸರಿಯೆನ್ನಬಹುದು? ಅದಕ್ಕಿಂತಲೂ ಮುಖ್ಯವಾಗಿ, ಸರಿಯೆಂದು ಹೇಳುವ ಅಧಿಕಾರ ಯಾರಿಗಿದೆ?

ಲೆಕ್ಕದ ದಾರಿ

ಈ ಪ್ರಶ್ನೆಯನ್ನು ಇಂದಿನ ಜಗತ್ತು ಲೆಕ್ಕದಿಂದ ಬಿಡಿಸಲು ಯತ್ನಿಸುತ್ತದೆ. ಬಹಳ ಕಾಲದವರೆಗೆ ದುರಂತವೇ ಗುರುವಾಗಿತ್ತು. 1912ರಲ್ಲಿ ಟೈಟಾನಿಕ್ ಮುಳುಗಿದ ಬಳಿಕ, 1914ರಲ್ಲಿ ಸಮುದ್ರದಲ್ಲಿ ಜೀವರಕ್ಷಣೆಯ ಅಂತಾರಾಷ್ಟ್ರೀಯ ಒಪ್ಪಂದವಾಯಿತು. 1967ರಲ್ಲಿ ಟೋರಿ ಕ್ಯಾನ್ಯನ್ ಎಂಬ ತೈಲದ ಹಡಗು ಇಂಗ್ಲೆಂಡಿನ ತೀರದಲ್ಲಿ ಒಡೆದು ಲಕ್ಷ ಟನ್ನಿಗೂ ಹೆಚ್ಚು ಎಣ್ಣೆ ಚೆಲ್ಲಿದ ಮೇಲೆ, 1973ರಲ್ಲಿ ಸಮುದ್ರ ಮಾಲಿನ್ಯ ತಡೆಯುವ ಒಪ್ಪಂದವಾಯಿತು. ಮೊದಲು ಸಾವು, ಅನಂತರ ಕಾನೂನು.

ಹೀಗಾಗಬಾರದು, ದುರಂತಕ್ಕಿಂತ ಮೊದಲೇ ಯೋಚಿಸಬೇಕು ಎಂದು ಅಂತಾರಾಷ್ಟ್ರೀಯ ಕಡಲ ಸಂಸ್ಥೆಯು 2002ರಲ್ಲಿ ಒಂದು ಕ್ರಮವನ್ನು ಒಪ್ಪಿಕೊಂಡಿತು. ಅದರಲ್ಲಿ ಐದು ಹೆಜ್ಜೆಗಳಿವೆ. ಏನೇನು ಕೆಡುಕು ಸಂಭವಿಸಬಹುದೆಂದು ಪಟ್ಟಿ ಮಾಡುವುದು. ಅದು ಎಷ್ಟು ಸಲ ಸಂಭವಿಸಬಹುದು, ಸಂಭವಿಸಿದರೆ ಎಷ್ಟು ಹಾನಿ ಎಂದು ತೂಗುವುದು. ತಡೆಯುವ ಉಪಾಯಗಳನ್ನು ಹುಡುಕುವುದು. ಆ ಉಪಾಯಗಳ ಖರ್ಚನ್ನೂ ಪ್ರಯೋಜನವನ್ನೂ ಹೋಲಿಸುವುದು. ಕೊನೆಗೆ ತೀರ್ಮಾನವನ್ನು ಸೂಚಿಸುವುದು.

ಇದು ಒಳ್ಳೆಯ ಕ್ರಮವೇ. ಬುದ್ಧಿಯನ್ನು ಬಳಸುವುದು ದೋಷವಲ್ಲ. ಆದರೆ ತಕ್ಕಡಿ ಎಷ್ಟೇ ನಿಖರವಾಗಿರಲಿ, ತಟ್ಟೆಯಲ್ಲಿ ಏನನ್ನು ಇಡುತ್ತೇವೆ ಎಂಬುದನ್ನು ಅದು ತಾನಾಗಿ ಹೇಳಲಾರದು. ಲಾಭ ಪಡೆಯುವವನು ಒಬ್ಬ, ನಷ್ಟ ಅನುಭವಿಸುವವನು ಇನ್ನೊಬ್ಬ ಆದಾಗ, ಇಬ್ಬರನ್ನೂ ಒಂದೇ ಲೆಕ್ಕದ ಪುಸ್ತಕದಲ್ಲಿ ಬರೆದು ಕೂಡಿಸಿ ಕಳೆದರೆ ನ್ಯಾಯವಾಗುವುದೇ? ಅಪಾಯ ಎಷ್ಟು ಎಂಬುದು ಲೆಕ್ಕದ ಪ್ರಶ್ನೆ. ಅದನ್ನು ಯಾರ ಹೆಗಲ ಮೇಲೆ ಹೊರಿಸಬಹುದು ಎಂಬುದು ನೀತಿಯ ಪ್ರಶ್ನೆ. ಎರಡನೆಯದಕ್ಕೆ ಮೊದಲನೆಯದು ಉತ್ತರವಾಗದು.

ಒಂದು ಪೆಟ್ಟಿಗೆ ಸೋರಿದಾಗ

ನಮ್ಮ ನೆರೆಯ ಶ್ರೀಲಂಕೆಯಲ್ಲಿ ನಡೆದುದನ್ನು ನೋಡಿ. ಎಕ್ಸ್-ಪ್ರೆಸ್ ಪರ್ಲ್ ಎಂಬುದು ಸಿಂಗಾಪುರದ ಧ್ವಜ ಹೊತ್ತ, ಆಗಷ್ಟೇ ಕಟ್ಟಿ ಮುಗಿಸಿದ ಹೊಸ ಹಡಗು. 2021ರ ಮೇ ತಿಂಗಳಲ್ಲಿ ಅದು 1,486 ಕಂಟೇನರ್‌ಗಳನ್ನು ಹೊತ್ತು ಕೊಲಂಬೋದತ್ತ ಹೊರಟಿತ್ತು. ಅದರಲ್ಲಿ 25 ಟನ್ ನೈಟ್ರಿಕ್ ಆಮ್ಲವೂ ಇತ್ತು. ದಾರಿಯಲ್ಲಿ ಒಂದು ಕಂಟೇನರ್‌ನಿಂದ ಆಮ್ಲ ಸೋರುತ್ತಿರುವುದು ನಾವಿಕರಿಗೆ ಗೊತ್ತಾಯಿತು. ಕತಾರ್‌ನ ಹಮದ್ ಬಂದರಿನಲ್ಲಿ ಅದನ್ನು ಇಳಿಸಿಕೊಳ್ಳಿರೆಂದು ಕೇಳಿದರು. ಆಗದೆಂಬ ಉತ್ತರ ಬಂತು. ಗುಜರಾತಿನ ಹಝೀರಾ ಬಂದರಿನಲ್ಲಿ ಕೇಳಿದರು, ಅಲ್ಲಿಯೂ ಆಗಲಿಲ್ಲ. ಸೋರುವ ಪೆಟ್ಟಿಗೆಯೊಡನೆ ಹಡಗು ಮುಂದೆ ಸಾಗಿತು. ಮೇ 20ರಂದು ಕೊಲಂಬೋದ ಹೊರಗೆ ಬೆಂಕಿ ಹತ್ತಿತು. ಹಲವು ದಿನ ಉರಿದು ಜೂನ್ ತಿಂಗಳಲ್ಲಿ ಹಡಗು ಮುಳುಗಿತು.

ನಾವಿಕರ ಜೀವ ಉಳಿಯಿತು. ಆದರೆ ಸುಮಾರು 1,680 ಟನ್ ಪ್ಲಾಸ್ಟಿಕ್ ಕಾಳುಗಳು, ಅಂದರೆ ಬಕೆಟ್ಟು ಬಾಟಲಿಗಳನ್ನು ತಯಾರಿಸಲು ಬಳಸುವ, ಬೇಳೆಯಷ್ಟೇ ದೊಡ್ಡದಾದ ಬಿಳಿ ಹರಳುಗಳು, ಕಡಲಿಗೆ ಸೇರಿದವು. ನಿಗೊಂಬೋದ ಮರಳ ದಂಡೆ ಹಿಮ ಬಿದ್ದಂತೆ ಬಿಳಿಚಿಕೊಂಡಿತು. ನೂರಾರು ಕಡಲಾಮೆಗಳು ಸತ್ತು ದಡಕ್ಕೆ ಬಂದವು. ಮೀನು ಹಿಡಿಯುವುದನ್ನು ನಿಷೇಧಿಸಲಾಯಿತು. ಬಲೆ ದಡದಲ್ಲಿ ಒಣಗಿತು, ಮನೆಯಲ್ಲಿ ಒಲೆ ತಣ್ಣಗಾಯಿತು.

ಈಗ ನೀವೇ ಹೇಳಿ, ತಪ್ಪು ಯಾರದು? ಪೆಟ್ಟಿಗೆಯನ್ನು ಸರಿಯಾಗಿ ಮುಚ್ಚದೆ ಕಳುಹಿಸಿದವರದೇ? ಸೋರಿಕೆ ಕಂಡ ಮೇಲೂ ಪ್ರಯಾಣ ಮುಂದುವರಿಸಿದವರದೇ? ತಮ್ಮ ಬಂದರಿಗೆ ಬೇಡವೆಂದವರದೇ? ಪ್ರತಿಯೊಬ್ಬರಿಗೂ ಅವರವರ ಮಟ್ಟಿಗೆ ಒಂದು ಕಾರಣವಿತ್ತು. ಪ್ರತಿಯೊಬ್ಬರ ಲೆಕ್ಕದಲ್ಲಿಯೂ ಆ ಪೆಟ್ಟಿಗೆಯನ್ನು ಮುಂದಿನವರಿಗೆ ದಾಟಿಸುವುದೇ ಅಪಾಯ ಕಡಿಮೆಯ ದಾರಿಯಾಗಿ ಕಂಡಿತು. ಕೈಯಿಂದ ಕೈಗೆ ದಾಟುತ್ತಾ ಬಂದ ಆ ಅಪಾಯ ಕೊನೆಗೆ ಯಾರನ್ನು ತಲುಪಿತು? ಯಾವ ಲೆಕ್ಕದ ಮೇಜಿನ ಮುಂದೆಯೂ ಕುಳಿತಿರದ, ಆ ಆಮ್ಲದ ಹೆಸರನ್ನೂ ಕೇಳಿರದ ಮೀನುಗಾರನನ್ನು.

ಪರಿಹಾರದ ವಿಚಾರವೂ ಹೀಗೆಯೇ. 2023ರಲ್ಲಿ ಲಂಡನ್ನಿನ ನ್ಯಾಯಾಲಯ ಹಡಗಿನವರ ಹೊಣೆಯನ್ನು ಸುಮಾರು 1.9 ಕೋಟಿ ಪೌಂಡಿಗೆ ಸೀಮಿತಗೊಳಿಸಿತು. 2025ರ ಜುಲೈಯಲ್ಲಿ ಶ್ರೀಲಂಕೆಯ ಸುಪ್ರೀಂ ಕೋರ್ಟು ನೂರು ಕೋಟಿ ಡಾಲರ್ ಪರಿಹಾರ ನೀಡಬೇಕೆಂದು ಆದೇಶಿಸಿತು. ಒಂದೇ ಹಡಗು, ಒಂದೇ ಕಡಲು. ತಕ್ಕಡಿ ಮಾತ್ರ ಎರಡು.

ಇದು ದೂರದ ಕತೆಯಲ್ಲ. 2025ರ ಮೇ 25ರಂದು ಎಂಎಸ್‌ಸಿ ಎಲ್ಸಾ 3 ಎಂಬ ಹಡಗು 640 ಕಂಟೇನರ್‌ಗಳೊಂದಿಗೆ ಕೊಚ್ಚಿಯ ಬಳಿ ಮುಳುಗಿತು. ಅದೇ ಪ್ಲಾಸ್ಟಿಕ್ ಕಾಳುಗಳು ಈ ಸಲ ಕೇರಳದ ದಂಡೆಗೆ ಬಂದವು. ಹದಿನೈದು ದಿನದೊಳಗೆ, ಜೂನ್ 9ರಂದು, ವಾನ್ ಹೈ 503 ಎಂಬ ಇನ್ನೊಂದು ಹಡಗು ಕೇರಳದ ಕಡಲಲ್ಲಿ ಹೊತ್ತಿ ಉರಿಯಿತು. ಅದರ 22 ಮಂದಿಯಲ್ಲಿ 18 ಮಂದಿಯನ್ನು ರಕ್ಷಿಸಿ ಮಂಗಳೂರಿಗೆ ಕರೆತಂದರು. ನಾಲ್ವರು ಕಾಣೆಯಾದರು. ಅದಕ್ಕೂ ಮೊದಲು, 2022ರ ಜೂನ್‌ನಲ್ಲಿ, ಉಕ್ಕಿನ ಸುರುಳಿ ಹೊತ್ತ ಪ್ರಿನ್ಸೆಸ್ ಮಿರಾಲ್ ಹಡಗು ನಮ್ಮ ಉಳ್ಳಾಲದ ಮುಂದೆಯೇ ಮುಳುಗಿತ್ತು.

ಹಡಗಿನ ದೃಷ್ಟಾಂತ

ಪ್ರವಾದಿವರ್ಯರು(ಸ) ಹೇಳಿದ ಹಡಗಿನ ದೃಷ್ಟಾಂತವನ್ನು ನೀವು ಕೇಳಿರಬಹುದು. ಇಮಾಮ್ ಬುಖಾರಿ ಅದನ್ನು ದಾಖಲಿಸಿದ್ದಾರೆ. ಒಂದೇ ಹಡಗನ್ನೇರಿದ ಜನ ಚೀಟಿ ಎತ್ತಿ ಸ್ಥಳ ಹಂಚಿಕೊಂಡರು. ಕೆಲವರಿಗೆ ಮೇಲಿನ ಅಂತಸ್ತು, ಕೆಲವರಿಗೆ ಕೆಳಗಿನದು. ಕೆಳಗಿನವರು ನೀರಿಗಾಗಿ ಪ್ರತಿ ಸಲವೂ ಮೇಲಿನವರನ್ನು ದಾಟಿ ಹೋಗಬೇಕಿತ್ತು. ಅವರಿಗೇಕೆ ತೊಂದರೆ, ನಮ್ಮ ಪಾಲಿನಲ್ಲೇ ಒಂದು ತೂತು ಕೊರೆದುಕೊಳ್ಳೋಣವೆಂದು ಇವರು ಯೋಚಿಸಿದರು. ಮೇಲಿನವರು ಅವರನ್ನು ಅವರ ಪಾಡಿಗೆ ಬಿಟ್ಟರೆ ಎಲ್ಲರೂ ನಾಶವಾಗುತ್ತಾರೆ. ಅವರ ಕೈ ಹಿಡಿದು ತಡೆದರೆ ಎಲ್ಲರೂ ಉಳಿಯುತ್ತಾರೆ. ಇದು ದೃಷ್ಟಾಂತದ ಸಾರ.

ಕೊರೆಯಲು ಹೊರಟವರ ಮನಸ್ಸಿನಲ್ಲಿ ದುರುದ್ದೇಶವಿರಲಿಲ್ಲ ಎಂಬುದನ್ನು ಗಮನಿಸಿ. ಅವರು ಮಾಡಿದ ಒಂದೇ ತಪ್ಪೆಂದರೆ, 'ಇದು ನಮ್ಮ ಪಾಲು' ಎಂದುಕೊಂಡದ್ದು. ಸ್ಥಳ ಹಂಚಿಕೊಳ್ಳಬಹುದು, ತಳವನ್ನು ಹಂಚಿಕೊಳ್ಳಲಾಗದು. ಸಮುದ್ರವೂ ಹಾಗೆಯೇ. ಭೂಪಟದಲ್ಲಿ ಗೆರೆ ಎಳೆದು ನಿನ್ನದು ನನ್ನದು ಎನ್ನಬಹುದು. ಅಲೆಗೆ ಆ ಗೆರೆ ಕಾಣಿಸದು.

ಆದರೆ ದೃಷ್ಟಾಂತದ ಹಡಗಿಗೂ ಇಂದಿನ ವ್ಯಾಪಾರಕ್ಕೂ ಒಂದು ವ್ಯತ್ಯಾಸವಿದೆ. ಅಲ್ಲಿ ತೂತು ಕೊರೆಯುವವನೂ ಮುಳುಗುತ್ತಾನೆ. ಆ ಭಯವೇ ಅವನನ್ನು ಕೊನೆಗೆ ಎಚ್ಚರಿಸಬಹುದು. ಇಂದು ಹಡಗಿನ ಒಡೆಯ ಒಂದು ದೇಶದಲ್ಲಿರುತ್ತಾನೆ, ಹಡಗು ಇನ್ನೊಂದು ದೇಶದ ಧ್ವಜ ಹಾರಿಸುತ್ತದೆ, ವಿಮೆ ಮೂರನೆಯ ದೇಶದಲ್ಲಿ, ನಾವಿಕರು ನಾಲ್ಕನೆಯ ದೇಶದವರು. ತೂತು ಕೊರೆದ ನಿರ್ಧಾರ ದೂರದ ಒಣ ನೆಲದಲ್ಲಿ ಕುಳಿತಿರುತ್ತದೆ. ನೀರು ನುಗ್ಗುವುದು ಬೇರೆಯವರ ಮನೆಗೆ. ಆದ್ದರಿಂದ ಕೈ ಹಿಡಿದು ತಡೆಯುವವರ ಹೊಣೆ ಅಂದಿಗಿಂತ ಇಂದು ಹೆಚ್ಚಾಗಿದೆ.

ಗೆರೆ ಎಳೆಯುವವರು

ಇದನ್ನು ನಮ್ಮ ಹಿಂದಿನ ವಿದ್ವಾಂಸರು ಚೆನ್ನಾಗಿ ಅರಿತಿದ್ದರು. 1058ರಲ್ಲಿ ಬಗ್ದಾದಿನಲ್ಲಿ ನಿಧನರಾದ ಇಮಾಮ್ ಮಾವರ್ದಿಯವರು ಆಡಳಿತದ ನಿಯಮಗಳನ್ನು ವಿವರಿಸುವ ತಮ್ಮ ಪ್ರಸಿದ್ಧ ಗ್ರಂಥದಲ್ಲಿ ಮುಹ್ತಸಿಬ್‌ನ, ಅಂದರೆ ಪೇಟೆಯನ್ನೂ ಸಾರ್ವಜನಿಕ ವ್ಯವಹಾರವನ್ನೂ ಪರಿಶೀಲಿಸುವ ಅಧಿಕಾರಿಯ, ಕರ್ತವ್ಯಗಳನ್ನು ಹೇಳುತ್ತಾ ಹಡಗಿನ ವಿಚಾರಕ್ಕೂ ಬರುತ್ತಾರೆ. ಹಡಗು ತಾಳಲಾರದಷ್ಟು ಹೊರೆ ಹೇರುವುದನ್ನೂ, ಗಾಳಿ ಬಿರುಸಾಗಿರುವಾಗ ಹೊರಡುವುದನ್ನೂ ಅವನು ತಡೆಯಬೇಕು ಎನ್ನುತ್ತಾರೆ. ಹೊರೆ ಎಷ್ಟೆಂದು ತೀರ್ಮಾನಿಸುವುದನ್ನು ಬಾಡಿಗೆಯ ಲಾಭ ಪಡೆಯುವವನ ಕೈಗೆ ಬಿಟ್ಟಿಲ್ಲ ಎಂಬುದೇ ಇಲ್ಲಿನ ಮರ್ಮ.

ಇಂಗ್ಲೆಂಡಿಗೆ ಇದು ಅರ್ಥವಾಗಲು ಬಹಳ ಕಾಲ ಬೇಕಾಯಿತು. ಹಳೆಯ ಹಡಗುಗಳಿಗೆ ಮಿತಿಮೀರಿ ಸರಕು ತುಂಬಿ, ಭಾರೀ ವಿಮೆ ಮಾಡಿಸಿ ಕಳುಹಿಸುವ ಒಡೆಯರಿದ್ದರು. ಮುಳುಗಿದರೂ ಅವರಿಗೆ ಲಾಭವೇ. ಅಂಥವನ್ನು ಜನ ಶವಪೆಟ್ಟಿಗೆಯ ಹಡಗುಗಳೆಂದು ಕರೆಯುತ್ತಿದ್ದರು. ಪಾರ್ಲಿಮೆಂಟಿನ ಸದಸ್ಯ ಸ್ಯಾಮುಯೆಲ್ ಪ್ಲಿಮ್ಸೋಲ್ ಅವರ ಹೋರಾಟದಿಂದ, ಹಡಗಿನ ಹೊರಮೈಯಲ್ಲಿ ಇಷ್ಟಕ್ಕಿಂತ ಆಳಕ್ಕೆ ಇಳಿಯಬಾರದು ಎಂಬ ಗೆರೆ ಇರಬೇಕೆಂದು 1876ರಲ್ಲಿ ಕಾನೂನು ಬಂತು. ಆದರೆ ಗೆರೆಯನ್ನು ಎಲ್ಲಿ ಎಳೆಯಬೇಕೆಂಬುದನ್ನು ಒಡೆಯನಿಗೇ ಬಿಟ್ಟಿದ್ದರು! ಒಬ್ಬ ಕಪ್ತಾನ ಅದನ್ನು ಹೊಗೆ ಕೊಳವೆಯ ಮೇಲೆ ಬಳಿಸಿದನೆಂದು ಹೇಳುತ್ತಾರೆ. ಗೆರೆಯ ಜಾಗವನ್ನು ಕಾನೂನೇ ನಿಗದಿಪಡಿಸಿದ್ದು 1890ರ ದಶಕದಲ್ಲಿ. ಗೆರೆ ಇದ್ದರೆ ಸಾಲದು, ಅದನ್ನು ಎಳೆಯುವ ಕೈ ನಿಸ್ವಾರ್ಥವಾಗಿರಬೇಕು.

ವಿಧಿಯ ನೆಪ

ಇಲ್ಲಿ ಕೆಲವರು ಒಂದು ಮಾತು ಹೇಳುವುದುಂಟು. 'ಎಲ್ಲವೂ ಅಲ್ಲಾಹನ ವಿಧಿ. ಮುಳುಗಬೇಕೆಂದಿದ್ದರೆ ಯಾವ ಗೆರೆಯೂ ಉಳಿಸದು.' ಈ ಮಾತು ಭಕ್ತಿಯಂತೆ ಕೇಳಿಸುತ್ತದೆ. ಆದರೆ ಒಂಟೆಯನ್ನು ಕಟ್ಟಿ ಭರವಸೆಯಿಡಲೋ, ಬಿಟ್ಟು ಭರವಸೆಯಿಡಲೋ ಎಂದು ಕೇಳಿದವನಿಗೆ ಪ್ರವಾದಿವರ್ಯರು(ಸ) ಮೊದಲು ಕಟ್ಟಲು ಹೇಳಿದರು. ಕಡಲು ಉಕ್ಕೇರಿರುವಾಗ ಹಡಗು ಹತ್ತುವವನು ತನ್ನ ರಕ್ಷಣೆಯ ಹಕ್ಕನ್ನು ತಾನೇ ಕಳೆದುಕೊಂಡನೆಂಬ ಅರ್ಥದ ಎಚ್ಚರಿಕೆಯನ್ನೂ ಕೊಟ್ಟರು. ತವಕ್ಕುಲ್ ಎಂದರೆ ಮಾಡಬೇಕಾದುದನ್ನು ಮಾಡಿದ ಬಳಿಕ ಉಳಿಯುವ ಭರವಸೆಯೇ ಹೊರತು ಮಾಡದಿರುವುದಕ್ಕೆ ನೆಪವಲ್ಲ. ನನ್ನ ಅಪಾಯವನ್ನು ನಾನು ಸಹನೆಯಿಂದ ಸ್ವೀಕರಿಸಿದರೆ ಅದು ತವಕ್ಕುಲ್ ಆದೀತು; ನಾನು ತಂದೊಡ್ಡಿದ ಅಪಾಯವನ್ನು ನೆರೆಯವನು ವಿಧಿಯೆಂದು ಸಹಿಸಬೇಕೆಂದರೆ ಅದು ಅಕ್ರಮ.

ಇನ್ನು ಕೆಲವರು, 'ಇಷ್ಟೆಲ್ಲ ಎಚ್ಚರ ವಹಿಸಿದರೆ ಸರಕು ದುಬಾರಿಯಾಗುತ್ತದೆ, ಬಡವನಿಗೇ ಹೊರೆ' ಎನ್ನುತ್ತಾರೆ. ಇದರಲ್ಲಿ ಸತ್ಯವಿಲ್ಲದಿಲ್ಲ. ಎಚ್ಚರಕ್ಕೆ ಬೆಲೆ ಇದೆ. ಆದರೆ ಎಚ್ಚರಗೇಡಿತನಕ್ಕೂ ಬೆಲೆ ಇದೆ. ಮೊದಲನೆಯದನ್ನು ಕೊಳ್ಳುವವರೆಲ್ಲರೂ ಸ್ವಲ್ಪ ಸ್ವಲ್ಪ ಹಂಚಿಕೊಂಡು ತೆರುತ್ತೇವೆ. ಎರಡನೆಯದನ್ನು ದಡದ ಒಂದು ಹಳ್ಳಿ ಒಂಟಿಯಾಗಿ ತೆರುತ್ತದೆ. ಅಗ್ಗದ ಸರಕಿನ ಉಳಿದ ಬೆಲೆಯನ್ನು ಇನ್ನೊಬ್ಬನ ಜೇಬಿನಿಂದ ತೆಗೆಯುವುದಾದರೆ ಅದು ಅಗ್ಗವಲ್ಲ, ಸಾಲ.

ನಮ್ಮ ಪಾಲು

ಇದೆಲ್ಲ ದೊಡ್ಡ ಕಂಪೆನಿಗಳ, ಸರಕಾರಗಳ ವಿಷಯ. ನಮಗೇನು ಎಂದು ನೀವು ಕೇಳಬಹುದು. 2020ರ ಜುಲೈಯಲ್ಲಿ ವಕಾಶಿಯೊ ಎಂಬ ಹಡಗು ಮಾರಿಷಸ್ ದ್ವೀಪದ ಹವಳದ ದಿಬ್ಬಕ್ಕೆ ಬಡಿಯಿತು. ಸುಮಾರು ಸಾವಿರ ಟನ್ ಎಣ್ಣೆ ಹವಳಕ್ಕೂ ಕಾಂಡ್ಲಾ ಕಾಡಿಗೂ ಹರಡಿತು. ಹಡಗು ದಡದ ಅಷ್ಟು ಸಮೀಪಕ್ಕೆ ಹೋದದ್ದೇಕೆ? ಮೊಬೈಲ್ ಫೋನಿನ ಸಂಪರ್ಕ ಸಿಗಲಿ ಎಂದು! ದೂರದಲ್ಲಿ ದುಡಿಯುವವನಿಗೆ ಮನೆಯವರ ದನಿ ಕೇಳುವ ಆಸೆ ಸಹಜ. ಗಲ್ಫಿನಲ್ಲಿ ದುಡಿಯುವವರಿರುವ ನಮ್ಮ ಮನೆಗಳಿಗೆ ಅದು ಗೊತ್ತಿಲ್ಲವೇ? ಆದರೂ ಒಂದು ಸಣ್ಣ ಬಯಕೆ, 'ಇದರಿಂದೇನಾಗುತ್ತದೆ' ಎಂಬ ಒಂದು ಉಡಾಫೆ, ಒಂದು ದ್ವೀಪದ ಬದುಕನ್ನು ಕದಡಿತು.

ಅದೇ ಮಾತು ನಮ್ಮ ನಾಲಗೆಯಲ್ಲೂ ಇದೆ. 2023ರ ಮೇ 7ರಂದು ಕೇರಳದ ತಾನೂರಿನಲ್ಲಿ ವಿಹಾರದ ದೋಣಿ ಮಗುಚಿ 22 ಮಂದಿ ತೀರಿಕೊಂಡರು. ಅವರಲ್ಲಿ ಹಲವರು ಮಕ್ಕಳು. ಒಂದೇ ಕುಟುಂಬದ ಅನೇಕರು. ಮೀನು ಹಿಡಿಯುವ ದೋಣಿಯನ್ನು ಮಾರ್ಪಡಿಸಿ ಅದರಲ್ಲಿ ಮಿತಿಮೀರಿ ಜನರನ್ನು ತುಂಬಿಸಿದ್ದರು. ದೋಣಿಯವನ ತಪ್ಪು ದೊಡ್ಡದು. ಆದರೆ 'ಇನ್ನೊಬ್ಬರು ಹತ್ತಬಹುದು' ಎಂಬ ಮಾತು ಅವನೊಬ್ಬನದೇ ಎಂದು ಹೇಳುವ ಧೈರ್ಯ ನಮಗಿದೆಯೇ? ಶಾಲೆಯ ರಿಕ್ಷಾದಲ್ಲಿ ಹನ್ನೆರಡು ಮಕ್ಕಳನ್ನು ತುರುಕುವಾಗ, ದೋಣಿಯ ಹಳೆಯ ಎಂಜಿನ್ ಎಣ್ಣೆಯನ್ನು ಅಳಿವೆಗೆ ಸುರಿಯುವಾಗ, ಲಾರಿಗೆ ಎರಡು ಟನ್ ಹೆಚ್ಚು ಹೇರುವಾಗ ನಾವೂ ಒಂದು ತಕ್ಕಡಿ ಹಿಡಿದಿರುತ್ತೇವೆ. ಒಂದು ತಟ್ಟೆಯಲ್ಲಿ ನಮ್ಮ ಉಳಿತಾಯ. ಇನ್ನೊಂದರಲ್ಲಿ ನಮಗೆ ಕಾಣಿಸದ ಯಾರದೋ ಜೀವ, ಯಾರದೋ ಅನ್ನ.

ಆದ್ದರಿಂದ ತೂಗುವ ಮುನ್ನ ಒಂದು ಪ್ರಶ್ನೆ ಕೇಳಿಕೊಳ್ಳಿ. ಈ ಲೆಕ್ಕ ತಪ್ಪಿದರೆ ತೆರುವವನು ನಾನೋ, ಇನ್ನೊಬ್ಬನೋ? ಇನ್ನೊಬ್ಬನಾಗಿದ್ದರೆ ಅವನನ್ನು ಕೇಳಿದ್ದೇನೆಯೇ? ಕೇಳಲಾಗದಿದ್ದರೆ, ಅವನೇ ಎದುರಿಗೆ ಕುಳಿತಿದ್ದಾನೆಂದು ಭಾವಿಸಿ ತೂಗಿ. ತಕ್ಕಡಿ ನಮ್ಮ ಕೈಯಲ್ಲಿ ಇರುವುದು ಅಮಾನತ್ತಾಗಿ ಮಾತ್ರ. ಈ ಲೋಕದ ನ್ಯಾಯಾಲಯ ಹೊಣೆಗೆ ಒಂದು ಮಿತಿ ಹಾಕಬಹುದು. ಆದರೆ ತೂಗಿದವರನ್ನೇ ತೂಗುವ ದಿನವೊಂದಿದೆ. ಅಲ್ಲಿ ಯಾವ ಧ್ವಜದ ಮರೆಯೂ ಇರದು.