ಹಿಂದೆ ಕೂತವರನ್ನ ಕೇಳಿದ್ರಾ?

ನಮ್ಮದು 2014ರ ಹ್ಯಾಚ್‌ಬ್ಯಾಕ್. ತೊಂಬತ್ತು ಸಾವಿರ ಕಿಲೋಮೀಟರ್ ಓಡಿದ ಮೇಲೆ ಮುಂದಿನ ಎಡಗಡೆ ಶಾಕ್ ಅಬ್ಸಾರ್ಬರ್‌ನಿಂದ ಎಣ್ಣೆ ಜಿನುಗೋಕೆ ಶುರುವಾಯ್ತು. ಹಂಪ್ ಇಳಿದ ಮೇಲೂ ಕಾರು ಎರಡು ಮೂರು ಸಲ ತೂಗಾಡಿಯೇ ಸುಮ್ಮನಾಗೋದು. ಮೆಕ್ಯಾನಿಕ್ ಬಾನೆಟ್ಟಿನ ಮೂಲೆಯನ್ನ ಎರಡೂ ಕೈಯಲ್ಲಿ ಒತ್ತಿ ಬಿಟ್ಟು, "ತೊಟ್ಟಿಲಾಗಿದೆ ಸಾರ್, ನಾಲ್ಕೂ ಬದಲಾಯಿಸಿಬಿಡಿ" ಅಂದ.

ಎರಡು ದಾರಿ ಇತ್ತು. ಒಂದು, ಕಾರಿನ ಜೊತೆ ಬಂದಂಥವನ್ನೇ ಮತ್ತೆ ಹಾಕಿಸೋದು. ಇನ್ನೊಂದು, ಅದರ ಮೂರು ಪಟ್ಟು ದುಡ್ಡು ಕೊಟ್ಟು ಒಳಗೆ ಗ್ಯಾಸ್ ತುಂಬಿದ, ಗಟ್ಟಿಯಾದ, 'ಪರ್ಫಾರ್ಮೆನ್ಸ್' ಅನ್ನುವ ಶಾಕ್ಸ್ ಹಾಕಿಸೋದು. ಇಂಜಿನಿಯರ್ ಅಲ್ವಾ, ಎಕ್ಸೆಲ್ ಶೀಟ್ ಮಾಡಿದೆ. ಬೆಲೆ, ವಾರಂಟಿ, ತಿರುವಿನಲ್ಲಿ ಕಾರು ಎಷ್ಟು ವಾಲುತ್ತೆ, ಬ್ರೇಕ್ ಹೊಡೆದಾಗ ಮೂತಿ ಎಷ್ಟು ಬಗ್ಗುತ್ತೆ, ಹೀಗೆ ಏಳು ಕಾಲಮ್ಮು. ಒಂದು ವಾರ ಓದಿ, ಹೋಲಿಸಿ, ಎರಡನೆಯದನ್ನೇ ಹಾಕಿಸಿದೆ. ಹಿಂದಿನ ಸೀಟು ಅನ್ನೋ ಕಾಲಮ್ಮು ಆ ಶೀಟಿನಲ್ಲಿ ಇರಲೇ ಇಲ್ಲ ಅನ್ನೋದು ಹೊಳೆಯೋಕೆ ಎಂಟು ತಿಂಗಳು ಬೇಕಾಯ್ತು.

ಕಥೆ ಮುಂದುವರಿಸುವ ಮೊದಲು ಈ ಸಾಮಾನು ಏನು ಮಾಡುತ್ತೆ ಅಂತ ಸ್ವಲ್ಪ ಹೇಳಿಬಿಡ್ತೀನಿ. ಹೆಸರು ಶಾಕ್ ಅಬ್ಸಾರ್ಬರ್ ಅಂತಿದ್ರೂ ಗುಂಡಿಯ ಪೆಟ್ಟನ್ನ ಮೊದಲು ತಗೊಳ್ಳೋದು ಟೈರು, ಆಮೇಲೆ ಸ್ಪ್ರಿಂಗು. ಒತ್ತಿದ ಸ್ಪ್ರಿಂಗು ಸುಮ್ಮನಿರಲ್ಲ, ಪುಟಿಯುತ್ತೆ. ಆ ಪುಟಿತವನ್ನ ತಡೆಯೋದು ಶಾಕ್ಸ್ ಕೆಲಸ. ಒಂದು ಕೊಳವೆ, ಅದರೊಳಗೆ ಎಣ್ಣೆ, ಸಣ್ಣ ಸಣ್ಣ ತೂತಿರುವ ಪಿಸ್ಟನ್. ಎಣ್ಣೆ ಆ ತೂತುಗಳಲ್ಲಿ ನುಗ್ಗಿ ಹೋಗುವಾಗ ಕುಣಿತದ ಶಕ್ತಿಯೆಲ್ಲ ಬಿಸಿಯಾಗಿ ಹೋಗಿಬಿಡುತ್ತೆ. ಗುಂಡಿ ರಸ್ತೆಯಲ್ಲಿ ಓಡಿಸಿ ಬಂದ ತಕ್ಷಣ ಮುಟ್ಟಿ ನೋಡಿದರೆ ಅದು ಬೆಚ್ಚಗಿರೋದು ಅದಕ್ಕೇ.

ಶಾಕ್ಸ್ ಗಟ್ಟಿ ಮಾಡಿದಷ್ಟೂ ಕಾರಿನ ದೊಡ್ಡ ತೂಗಾಟ ಬೇಗ ನಿಲ್ಲುತ್ತೆ. ಆದರೆ ಅದಕ್ಕೊಂದು ಬೆಲೆಯಿದೆ. ಡಾಂಬರಿನ ತೇಪೆ, ಕಾಂಕ್ರೀಟಿನ ಜೋಡಣೆ, ಕಿತ್ತುಹೋದ ಜಲ್ಲಿ, ಇಂಥ ಸಣ್ಣ ಚೂಪಾದ ಪೆಟ್ಟುಗಳನ್ನ ಅದು ಹೆಚ್ಚು ಹೆಚ್ಚಾಗಿ ಒಳಗೆ ದಾಟಿಸುತ್ತೆ. ಎರಡೂ ಒಟ್ಟಿಗೆ ಪೂರ್ತಿ ಸಿಗಲ್ಲ. ಸಾಮಾನ್ಯ ಕಾರಿನ ಬಾಡಿ ಸೆಕೆಂಡಿಗೆ ಒಂದು, ಒಂದೂವರೆ ಸಲ ತೂಗುತ್ತೆ. ನಮ್ಮ ಮೈ ಅದನ್ನ ಹೇಗೋ ತಡಕೊಳ್ಳುತ್ತೆ. ಕೂತ ಮನುಷ್ಯನ ಮೈ ಹೆಚ್ಚು ನೋಯೋದು ಸೆಕೆಂಡಿಗೆ ಸುಮಾರು 4ರಿಂದ 8 ಸಲದ ಕುಲುಕಾಟಕ್ಕೆ. ಬೆನ್ನುಮೂಳೆ ಮೊದಲೇ ಸವೆದವರಿಗಂತೂ ಹೇಳೋದೇ ಬೇಡ.

ನಮ್ಮವ್ವನ ಬೆನ್ನು ಸವೆದಿದೆ. ನಾಟಿ, ಕಳೆ, ಕೊಯ್ಲು ಅಂತ ಮೂವತ್ತು ವರ್ಷ ಬಗ್ಗಿದ ಬೆನ್ನು. ಎರಡು ಮೂರು ತಿಂಗಳಿಗೊಮ್ಮೆ ಡಾಕ್ಟರಿಗೆ ತೋರಿಸೋಕೆ ಅವಳನ್ನ ಬೆಂಗಳೂರಿಗೆ ಕರ್ಕೊಂಡು ಬರ್ತೀನಿ, ನಾಲ್ಕು ದಿನ ಇಟ್ಕೊಂಡು ವಾಪಸ್ ಬಿಟ್ಟು ಬರ್ತೀನಿ. ನೆಲಮಂಗಲ, ಕುಣಿಗಲ್, ಚನ್ನರಾಯಪಟ್ಟಣ. ಹೈವೇ ಬಿಟ್ಟ ಮೇಲೆ ನಮ್ಮೂರಿಗೆ ಇನ್ನೂ ಹನ್ನೊಂದು ಕಿಲೋಮೀಟರ್, ಅದರಲ್ಲಿ ಹದಿನಾಲ್ಕು ಹಂಪು. ಇಂಡಿಯನ್ ರೋಡ್ಸ್ ಕಾಂಗ್ರೆಸ್ಸಿನ ಪ್ರಕಾರ ಹಂಪು ಅಂದರೆ 3.7 ಮೀಟರ್ ಅಗಲ, 10 ಸೆಂಟಿಮೀಟರ್ ಎತ್ತರದ ನಯವಾದ ದಿಬ್ಬ. ನಮ್ಮ ದಾರಿಯಲ್ಲಿರೋವು ರಸ್ತೆಗೆ ಅಡ್ಡ ಹಾಕಿದ ಬದುಗಳು.

ಹೊಸ ಶಾಕ್ಸ್ ಹಾಕಿಸಿದ ಮೇಲೆ ನನಗೆ ಡ್ರೈವಿಂಗಿನ ಹುಚ್ಚೇ ಹಿಡೀತು. ಹೈವೇಯಲ್ಲಿ ಲೇನ್ ಬದಲಿಸಿದರೆ ಕಾರು ಹೇಳಿದ ಮಾತು ಕೇಳ್ತಿತ್ತು. ಮೊದಲ ಸಲ ಅವ್ವನನ್ನ ಕೂರಿಸಿಕೊಂಡು ಹೋದಾಗ ಕನ್ನಡಿಯಲ್ಲಿ ನೋಡ್ತಾ ಕೇಳಿದೆ, "ಹೆಂಗೈತವ್ವ ಕಾರು?"

"ಚೆನ್ನಾಗೈತೆ ಬಿಡಪ್ಪ" ಅಂದಳು.

ಆಮೇಲೂ ಎರಡು ಮೂರು ಸಲ ಕೇಳಿದೆ. ಪ್ರತಿ ಸಲವೂ ಅದೇ ಉತ್ತರ. ನಾನು ಖುಷಿಯಾಗಿದ್ದೆ.

ಎಂಟು ತಿಂಗಳಾದ ಮೇಲೆ ಬ್ಯಾಡ್ಮಿಂಟನ್ ಆಡುವಾಗ ನನ್ನ ಬಲಗಾಲು ಉಳುಕಿತು. ಅವ್ವನನ್ನ ಊರಿಗೆ ಬಿಡಬೇಕಿತ್ತು, ಭಾಮೈದ "ನಾನು ಓಡಿಸ್ತೀನಿ ಭಾವ" ಅಂದ. ಹಿಂದೆ ಕೂತರೆ ನನ್ನ ಹೆಂಡತಿಗೆ ವಾಂತಿ, ಅವಳು ಯಾವಾಗಲೂ ಮುಂದೆಯೇ. ಹಾಗಾಗಿ ನಮ್ಮ ಕಾರನ್ನ ಕೊಂಡು ಇಷ್ಟು ವರ್ಷದಲ್ಲಿ ಮೊದಲ ಸಲ ನಾನು ಅದರ ಹಿಂದಿನ ಸೀಟಿನಲ್ಲಿ ಊರಿಗೆ ಹೊರಟೆ. ಆ ಕಡೆ ಅವ್ವ, ನಡುವೆ ಮಗಳು, ಈ ಕಡೆ ನಾನು.

ಕುಣಿಗಲ್ ದಾಟುವಷ್ಟರಲ್ಲಿ ನನ್ನ ಸೊಂಟ ಮಾತಾಡೋಕೆ ಶುರು ಮಾಡಿತ್ತು. ಹೈವೇ ಬಿಟ್ಟ ಮೇಲಂತೂ ಪ್ರತಿ ಹಂಪಿಗೂ ಬುಡದಿಂದ ಯಾರೋ ಒದ್ದ ಹಾಗೆ. ಭಾಮೈದ ಒರಟಾಗೇನೂ ಓಡಿಸ್ತಿರಲಿಲ್ಲ. ಮುಂದೆ ಕೂತವನು ಎರಡು ಚಕ್ರಗಳ ಮಧ್ಯದಲ್ಲಿರ್ತಾನೆ, ಹಿಂದೆ ಕೂತವರು ಹಿಂದಿನ ಚಕ್ರದ ನೆತ್ತಿಯ ಹತ್ತಿರ ಇರ್ತಾರೆ. ಅದಕ್ಕಿಂತ ದೊಡ್ಡದು ಇನ್ನೊಂದಿದೆ. ಓಡಿಸೋನಿಗೆ ಗುಂಡಿ ಕಾಣುತ್ತೆ. ಕಂಡ ತಕ್ಷಣ ಅವನ ಮೈ ತಾನಾಗೇ ಬಿಗಿಯಾಗುತ್ತೆ, ಕೈಯಲ್ಲಿ ಸ್ಟೀರಿಂಗ್ ಇರುತ್ತೆ. ಹಿಂದೆ ಕೂತವರಿಗೆ ಮುಂದಿನ ಸೀಟಿನ ಬೆನ್ನಷ್ಟೇ ಕಾಣೋದು. ಮುಂದಿನ ಚಕ್ರ ಇಳಿದ ಗುಂಡಿಗೆ ಹಿಂದಿನ ಚಕ್ರ ಇಳಿಯೋಕೆ ಗಂಟೆಗೆ 36 ಕಿಲೋಮೀಟರ್ ವೇಗದಲ್ಲಿ ಕಾಲು ಸೆಕೆಂಡು. ಸಾವರಿಸಿಕೊಳ್ಳೋಕೆ ಅಷ್ಟೇ ಟೈಮು.

ಪಕ್ಕಕ್ಕೆ ನೋಡಿದೆ. ಅವ್ವ ಕಿಟಕಿಯ ಮೇಲಿನ ಹಿಡಿಯನ್ನ ಒಂದು ಕೈಯಲ್ಲಿ ಗಟ್ಟಿಯಾಗಿ ಹಿಡಿದು, ಇನ್ನೊಂದು ಕೈ ಸೀಟಿಗೆ ಊರಿ, ಅರ್ಧ ಎದ್ದು ಕೂತ ಹಾಗೆ ಕೂತಿದ್ದಳು. ರಸ್ತೆ ನೋಡ್ತಿರಲಿಲ್ಲ. ಯಾವ ಊರು ದಾಟಿದ ಮೇಲೆ ಯಾವ ಹಂಪು ಅಂತ ಅವಳಿಗೆ ಬಾಯಿಪಾಠ ಆಗಿತ್ತು. ಹಂಪು ಬರೋದಕ್ಕೆ ಸ್ವಲ್ಪ ಮೊದಲೇ ಮೈಯನ್ನ ಸೀಟಿನಿಂದ ಎತ್ತಿಕೊಳ್ತಿದ್ದಳು. ಎಂಟು ತಿಂಗಳಿಂದ ನನ್ನ ಬೆನ್ನ ಹಿಂದೆ ಹೀಗೇ ಕೂತು ಬರ್ತಿದ್ದಳು.

"ಯಾಕವ್ವ ಹೇಳಲಿಲ್ಲ?" ಅಂದೆ.

"ನೀನು ಅಷ್ಟು ದುಡ್ಡು ಹಾಕಿದ್ದೆ, ಆಸೆಪಟ್ಟು ಕೇಳ್ತಿದ್ದೆ. ಏನಂತ ಹೇಳಾನ?"

ಆ ಉತ್ತರ ಇವತ್ತಿಗೂ ನನ್ನನ್ನ ಬಿಟ್ಟಿಲ್ಲ. ನಾನೇನು ತಪ್ಪು ಮಾಡಿದೆ? ಕೇಳದೆ ಇದ್ದಿದ್ದರೆ ಅದು ನಿರ್ಲಕ್ಷ್ಯ ಅನ್ನಬಹುದಿತ್ತು. ಆದರೆ ನಾನು ಕೇಳಿದ್ದೆ, ನಾಲ್ಕು ಸಲ ಕೇಳಿದ್ದೆ. ಈಗ ಯೋಚಿಸಿದರೆ, ಅದು ಪ್ರಶ್ನೆಯೇ ಆಗಿರಲಿಲ್ಲ. ನನ್ನ ಹೊಸ ಆಟದ ಸಾಮಾನನ್ನ ಹೊಗಳು ಅಂತ ಕೇಳಿದ್ದು ಅದು. ಮಗನ ಕಾರಿನಲ್ಲಿ, ಮಗನ ಖರ್ಚಿನಲ್ಲಿ ಆಸ್ಪತ್ರೆಗೆ ಹೋಗಿ ಬರುವ ತಾಯಿ "ಚೆನ್ನಾಗಿಲ್ಲ" ಅಂತ ಹೇಗೆ ಹೇಳ್ತಾಳೆ? ಇಲ್ಲ ಅನ್ನೋಕೆ ಜಾಗವೇ ಇಲ್ಲದ ಕಡೆ ಸಿಕ್ಕ ಹೂಂ ಅನ್ನ ಒಪ್ಪಿಗೆ ಅಂತ ಲೆಕ್ಕಕ್ಕೆ ತಗೋಬಹುದಾ?

ನನ್ನ ಸಮರ್ಥನೆಗೂ ಒಂದು ಮಾತಿತ್ತು. ಸೇಫ್ಟಿ. ಮನೆಯಲ್ಲಿ ಬೆಲೆ ಕೇಳಿದಾಗ "ಇದು ಸೇಫ್ಟಿಗೆ ಕಣೇ" ಅಂತಲೇ ಹೇಳಿದ್ದೆ. ಸುಳ್ಳಲ್ಲ. ಸವೆದ ಶಾಕ್ಸಿನಲ್ಲಿ ಚಕ್ರ ರಸ್ತೆಯನ್ನ ಬಿಟ್ಟು ಬಿಟ್ಟು ಕುಣಿಯುತ್ತೆ, ಬ್ರೇಕ್ ಹೊಡೆದರೆ ಕಾರು ನಿಲ್ಲೋಕೆ ಹೆಚ್ಚು ದೂರ ಬೇಕು. ಬದಲಾಯಿಸಲೇಬೇಕಿತ್ತು. ಆದರೆ ಅದಕ್ಕೆ ಮೂರು ಪಟ್ಟು ಬೆಲೆಯದ್ದೇ ಬೇಕಿರಲಿಲ್ಲ, ಮಾಮೂಲಿ ಹೊಸ ಶಾಕ್ಸ್ ಸಾಕಿತ್ತು. ಅಗತ್ಯಕ್ಕಿದ್ದ ನಿಜವಾದ ಕಾರಣವನ್ನ ನನ್ನ ಆಸೆಯ ಮೇಲೂ ಹೊದಿಸಿಬಿಟ್ಟಿದ್ದೆ. ನಾವು ನಮಗೇ ಮೋಸ ಮಾಡಿಕೊಳ್ಳೋದು ಹೆಚ್ಚಾಗಿ ಇಂಥ ಅರ್ಧ ನಿಜಗಳಿಂದಲೇ ಅನಿಸುತ್ತೆ.

ಹಾಗಂತ ಓಡಿಸೋನ ಖುಷಿ ಪಾಪ ಅಂತ ನಾನು ಹೇಳ್ತಿಲ್ಲ. ಒಬ್ಬನೇ ಓಡಾಡೋ ಕಾರಾದರೆ ಎಷ್ಟು ಬೇಕಾದರೂ ಗಟ್ಟಿ ಮಾಡಿಕೊಳ್ಳಲಿ. ಫ್ಯಾಮಿಲಿ ಕಾರಿನ ತೊಡಕೇ ಬೇರೆ. ತೀರ್ಮಾನ ಮಾಡೋನು ಒಂದು ಸೀಟಿನಲ್ಲಿ, ಅದರ ಪೆಟ್ಟು ಬೀಳೋದು ಇನ್ನೊಂದು ಸೀಟಿನಲ್ಲಿ.

ಅಮೆರಿಕದ ತತ್ವಜ್ಞಾನಿ ಜಾನ್ ರಾಲ್ಸ್ 1971ರಲ್ಲಿ ಬರೆದ 'ಎ ಥಿಯರಿ ಆಫ್ ಜಸ್ಟಿಸ್' ಪುಸ್ತಕದಲ್ಲಿ ಒಂದು ಉಪಾಯ ಇದೆ. ಸಮಾಜದಲ್ಲಿ ನಮಗೆ ಯಾವ ಜಾಗ ಸಿಗುತ್ತೆ ಅಂತ ಗೊತ್ತಿಲ್ಲದೆ ನಿಯಮ ಮಾಡಬೇಕಾದರೆ ಎಂಥ ನಿಯಮ ಮಾಡ್ತೀವಿ ಅಂತ ಯೋಚಿಸಿ ಅನ್ನೋದು. ನಮ್ಮೂರಿನವರು ಇದನ್ನ ಇನ್ನೂ ಚಿಕ್ಕದಾಗಿ ಮುಗಿಸ್ತಾರೆ. ಅಣ್ಣತಮ್ಮಂದಿರು ಜಮೀನು ಪಾಲು ಮಾಡಿಕೊಳ್ಳುವಾಗ ದೊಡ್ಡವನು ಭಾಗ ಹಾಕಬೇಕು, ಚಿಕ್ಕವನು ಮೊದಲು ಆರಿಸಿಕೊಳ್ಳಬೇಕು. ಭಾಗ ಹಾಕಿದವನಿಗೆ ಕೊನೆಗೆ ಉಳಿದದ್ದು. ಆಗ ನೋಡಿ, ಬದು ಎಷ್ಟು ನೇರವಾಗಿ ಬೀಳುತ್ತೆ! ಯಾವ ಸೀಟು ಸಿಗುತ್ತೆ ಅಂತ ಗೊತ್ತಿಲ್ಲದೆ ಶಾಕ್ಸ್ ಆರಿಸಬೇಕಿದ್ದರೆ ನನ್ನ ಎಕ್ಸೆಲ್ ಶೀಟಿನ ಮೊದಲ ಕಾಲಮ್ಮೇ ಹಿಂದಿನ ಸೀಟು ಆಗಿರ್ತಿತ್ತು.

ನಾಚಿಕೆಯಾಗೋದು ಯಾಕೆ ಅಂದರೆ, ಹಿಂದಿನ ಸೀಟು ನನಗೆ ಗೊತ್ತಿಲ್ಲದ ಜಾಗವೇನಲ್ಲ. ಪಿಯುಸಿ ಓದುವಾಗ ಎರಡು ವರ್ಷ ಕೆಂಪು ಬಸ್ಸಿನ ಕೊನೆಯ ಸಾಲಿನಲ್ಲೇ ಕಾಲೇಜಿಗೆ ಹೋಗಿ ಬಂದವನು ನಾನು. ಹಿಂದಿನ ಚಕ್ರಕ್ಕಿಂತಲೂ ಆಚೆ ಇರುವ ಸಾಲು ಅದು. ಹಂಪು ಬಂದರೆ ತಲೆ ಟಾಪಿಗೆ ತಾಗೋದು. ಡ್ರೈವರಿಗೆ ಬೈದುಕೊಂಡೇ ಎರಡು ವರ್ಷ ಕಳೆದೆ. ಸ್ಟೀರಿಂಗ್ ಕೈಗೆ ಬಂದ ಮೇಲೆ ಅದೆಲ್ಲ ಮರೆಯೋಕೆ ಹೆಚ್ಚು ದಿನ ಹಿಡಿಯಲಿಲ್ಲ.

ಆಫೀಸಿನಲ್ಲೂ ಅದನ್ನೇ ಮಾಡ್ತೀವಿ. ದುಬಾರಿ ಫೋನು, ಫೈಬರ್ ಇಂಟರ್‌ನೆಟ್ಟಿನಲ್ಲಿ ಆಪ್ ಟೆಸ್ಟ್ ಮಾಡಿ "ಸ್ಮೂತಾಗಿದೆ" ಅಂತ ರಿಲೀಸ್ ಮಾಡ್ತೀವಿ. ಒಂದೇ ಕಡ್ಡಿ ಸಿಗ್ನಲ್ಲಿನಲ್ಲಿ, ಪರದೆ ಒಡೆದ ಹಳೇ ಫೋನಿನಲ್ಲಿ ಅದನ್ನ ಬಳಸುವವರು ನಮಗೆ ಫೋನ್ ಮಾಡಿ ಹೇಳಲ್ಲ. ಕಂಪ್ಲೇಂಟ್ ಬಂದಿಲ್ಲ ಅಂತ ನಾವು ನೆಮ್ಮದಿಯಾಗಿರ್ತೀವಿ.

ಊರಿಂದ ಬಂದ ವಾರವೇ ಮತ್ತೆ ಮೆಕ್ಯಾನಿಕ್ ಹತ್ರ ಹೋದೆ. ಮಾಮೂಲಿ ಶಾಕ್ಸ್ ಹಾಕಿ ಅಂದೆ. "ಹೊಸಾವು ಸಾರ್ ಇವು, ಹುಚ್ಚಾ ನಿಮಗೆ?" ಅನ್ನುವಂತೆ ನೋಡಿದ. ಬಿಚ್ಚಿದ್ದನ್ನ ಅರ್ಧ ಬೆಲೆಗೆ ಯಾರೋ ತಗೊಂಡರು. ಉಳಿದದ್ದು ನನ್ನ ಪಾಠದ ಫೀಸು. ಟೆಸ್ಟ್ ಡ್ರೈವಿಗೆ ಕೀ ಅವನ ಕೈಗೆ ಕೊಟ್ಟು ನಾನು ಹಿಂದೆ ಕೂತೆ. ಗುಂಡಿಗಳಿರೋ ರಸ್ತೆಯನ್ನೇ ಹುಡುಕಿ ಎರಡು ಸುತ್ತು ಹಾಕಿಸಿದೆ. ತಿರುವಿನಲ್ಲಿ ಕಾರು ಈಗ ಮೊದಲಿಗಿಂತ ವಾಲುತ್ತೆ. ಇರಲಿ.

ಅವ್ವನನ್ನ ಕೇಳೋ ರೀತಿಯನ್ನೂ ಬದಲಾಯಿಸಿದ್ದೀನಿ. "ಹೆಂಗೈತೆ" ಅಂತ ಕೇಳಲ್ಲ. "ಎಲ್ಲಿ ನೋವಾಯ್ತು?" ಅಂತ ಕೇಳ್ತೀನಿ. ಮೊದಮೊದಲು "ಎಲ್ಲೂ ಇಲ್ಲ ಕಣಪ್ಪ" ಅಂತಿದ್ದಳು. ಹೋದ ತಿಂಗಳು ಊರಿನ ದಾರಿಯಲ್ಲಿ ಮೂರನೇ ಹಂಪಿಗೆ ನಾನು ಸ್ವಲ್ಪ ಜೋರಾಗೇ ಹತ್ತಿಸಿಬಿಟ್ಟೆ. ಹಿಂದಿನಿಂದ ಗದರಿದ ದನಿ ಬಂತು: "ಏ, ನಿಧಾನಕ್ಕೆ ಹೋಗೋ! ಹಿಂದೆ ಜನ ಕೂತವ್ರೆ ಅಂತ ಗ್ಯಾನ ಇಲ್ವಾ?"

ಇಷ್ಟು ವರ್ಷದಲ್ಲಿ ಅವಳು ನನ್ನ ಡ್ರೈವಿಂಗ್ ಬಗ್ಗೆ ಆಡಿದ ಮೊದಲ ಬೈಗುಳ ಅದು. ಗೇರ್ ಇಳಿಸಿ ಉಳಿದ ಹನ್ನೊಂದು ಹಂಪುಗಳನ್ನ ನಿಧಾನಕ್ಕೆ ಹತ್ತಿಳಿಸಿದೆ.